ಮಗಳ ವಾಟ್ಸಾಪ್ ಓದಿಕೊಡುವ ಆ್ಯಪ್: ಒಂದು ತಿಂಗಳು ಬಳಸಿದ ಮೇಲೆ

ಮಗಳು ಎಂಟನೇ ಕ್ಲಾಸು. ರಾತ್ರಿ ಹನ್ನೊಂದಾದರೂ ಹೊದಿಕೆಯೊಳಗೆ ಫೋನಿನ ಬೆಳಕು. ಹೆದರಿಕೆಯಾಗಿ, ದುಡ್ಡು ಕೊಟ್ಟು ಒಂದು ಮಾನಿಟರಿಂಗ್ ಆ್ಯಪ್ ಹಾಕಿದೆ. ಹೆಸರು ಬೇಡ.

ಹಾಕುವಾಗಲೇ ಅನುಮಾನ ಬರಬೇಕಿತ್ತು. ಅದು ಪ್ಲೇ ಸ್ಟೋರ್‌ನಲ್ಲಿ ಇರಲಿಲ್ಲ. ಅಪಾಯದ ಆ್ಯಪ್ ಹಿಡಿಯುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ, ಪರದೆ ಮೇಲಿರುವುದನ್ನು ಓದಲು ಬಿಡುವ ಆಕ್ಸೆಸಿಬಿಲಿಟಿ ಪರ್ಮಿಷನ್ ಕೊಡಿ ಅಂತ ಕೇಳಿತು. ವಾಟ್ಸಾಪ್ ಮೆಸೇಜು ದಾರಿಯಲ್ಲಿ ಬೇರೆಯವರು ಓದಲಾಗದಂತೆ ಎನ್‌ಕ್ರಿಪ್ಟ್ ಆಗಿರುತ್ತದಲ್ಲ, ಹಾಗಾಗಿ ಇದು ಮಗಳ ಫೋನಿನ ಪರದೆಯನ್ನೇ ಓದಿ ಎಲ್ಲೋ ಇರುವ ಸರ್ವರ್‌ಗೆ ಕಳಿಸುತ್ತದೆ. ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ.

ಒಂದು ಸಂಜೆ ಒಲೆ ಮುಂದೆ ನಿಂತು ಓದಿದೆ. ಗೆಳತಿ ಬರೆದಿದ್ದಳು: "ನಮ್ಮಪ್ಪ ಇವತ್ತೂ ಕುಡ್ಕೊಂಡು ಬಂದ್ರು ಕಣೇ." ಮಗಳ ಉತ್ತರ: "ನಾಳೆ ಬೇಗ ಬಾ, ಅಮ್ಮ ಇಡ್ಲಿ ಮಾಡ್ತಾಳೆ." ಕೈ ನಡುಗಿತು. ಆ ಹುಡುಗಿ ನನ್ನನ್ನು ನಂಬಿ ಹೇಳಿದ ಮಾತಲ್ಲ ಅದು.

ಮಗಳಿಗೆ ಎಲ್ಲ ಹೇಳಿ, ಅವಳೆದುರೇ ಅನ್‌ಇನ್‌ಸ್ಟಾಲ್ ಮಾಡಿದೆ. ಎರಡು ದಿನ ಮಾತು ಬಿಟ್ಟಳು.

ಈಗ ಗೂಗಲ್‌ನ ಫ್ಯಾಮಿಲಿ ಲಿಂಕ್ ಇದೆ, ಉಚಿತ. ರಾತ್ರಿ 9.30ಕ್ಕೆ ಫೋನ್ ಲಾಕ್ ಆಗುತ್ತದೆ, ಹೊಸ ಆ್ಯಪ್‌ಗೆ ನನ್ನ ಒಪ್ಪಿಗೆ ಬೇಕು. ಮೆಸೇಜು ತೋರಿಸುವುದಿಲ್ಲ, ಅದಕ್ಕೇ ಇಷ್ಟ. ಮೊದಲಿನದಕ್ಕೆ ಒಂದು ಸ್ಟಾರ್ ಕೊಡಲೂ ಮನಸ್ಸಿಲ್ಲ.

ಮಕ್ಕಳ ಸಹಾಯವಾಣಿ 1098 ನಂಬರನ್ನು ಮಗಳ ಫೋನಿಗೆ ಹಾಕಿಕೊಟ್ಟೆ. ಗೆಳತಿಗೂ ಕಳಿಸಿದೆ ಅಂತ ಮೊನ್ನೆ ತಾನಾಗೇ ಹೇಳಿದಳು.