ಕೋರ್ಸಿನ 'ನೋ ಕಾಸ್ಟ್ ಇಎಂಐ' ನಂಬಿ ಕೆಲಸ ಬಿಡಬೇಡಿ, ಅದು ನಿಮ್ಮ ಹೆಸರಿನ ಸಾಲ

ಕೆಲಸ ಬದಲಾಯಿಸೋಕೆ ಅಂತ ಡೇಟಾ ಸೈನ್ಸ್, ಫುಲ್ ಸ್ಟ್ಯಾಕ್ ಕೋರ್ಸಿಗೆ ಸೇರೋರು ದಯವಿಟ್ಟು ಓದಿ. "ಫೀಸು ತಿಂಗಳು ತಿಂಗಳು ಕಟ್ಟಿ ಮೇಡಂ, ಬಡ್ಡಿ ಇಲ್ಲ" ಅಂತಾರಲ್ಲ, ಅದು ಫೀಸಿನ ಕಂತಲ್ಲ. ಸಾಲ. ನಿಮ್ಮ ಪ್ಯಾನ್ ಮೇಲೆ, ಇನ್ಯಾವುದೋ ಫೈನಾನ್ಸ್ ಕಂಪನಿ ಕೊಡೋ ಸಾಲ.

ನನ್ನ ವಿಷಯದಲ್ಲಿ ಆದದ್ದೂ ಇದೇ. ಡೆಮೋ ಕ್ಲಾಸ್ ಮುಗೀತಿದ್ದ ಹಾಗೇ ಕೌನ್ಸೆಲರ್ ಫೋನು: "ಇವತ್ತೇ ಸೇರಿದ್ರೆ ಡಿಸ್ಕೌಂಟ್, ಸೀಟಿಗೆ ಒಂದು ಲಿಂಕ್ ಕಳಿಸ್ತೀನಿ." ಲಿಂಕಲ್ಲಿ ಪ್ಯಾನ್, ಸೆಲ್ಫಿ, ಆಧಾರ್ ಓಟಿಪಿ, ಕೊನೆಗೆ ಬ್ಯಾಂಕ್ ಓಟಿಪಿ. "ಬರೀ ವೆರಿಫಿಕೇಶನ್ ಮೇಡಂ." ಅಲ್ಲವೇ ಅಲ್ಲ! ಆ ಆಧಾರ್ ಓಟಿಪಿ ಸಾಲಪತ್ರಕ್ಕೆ ಹಾಕಿದ ಸಹಿ. ಆ ಬ್ಯಾಂಕ್ ಓಟಿಪಿ ಇ-ನ್ಯಾಚ್, ಅಂದ್ರೆ ಪ್ರತಿ ತಿಂಗಳು ಖಾತೆಯಿಂದ ದುಡ್ಡು ಎಳೆಯೋಕೆ ಅನುಮತಿ. ಕ್ಲಾಸು ಶುರುವಾಗೋ ಮುಂಚೆ ಸಾಲದ ದುಡ್ಡು ಇನ್‌ಸ್ಟಿಟ್ಯೂಟಿನ ಕೈ ಸೇರಿಯಾಗಿತ್ತು.

ಲೈವ್ ಅಂದಿದ್ದ ಕ್ಲಾಸು ರೆಕಾರ್ಡಿಂಗ್ ಆಯ್ತು. ಕೋರ್ಸ್ ಬಿಡ್ತೀನಿ, ಕಂತು ನಿಲ್ಲಿಸಿ ಅಂದಾಗ ಬಂದ ಉತ್ತರ: "ಕಂತು ನಮ್ಮದಲ್ಲ ಮೇಡಂ. ಲೋನ್ ತಗೊಂಡಿರೋದು ನೀವು, ಅವರನ್ನೇ ಕೇಳಿ." ಲೋನ್! ಅಲ್ಲೀವರೆಗೂ ಒಂದೇ ಒಂದು ಸಲ ಆ ಮಾತು ಅವರ ಬಾಯಲ್ಲಿ ಬಂದಿರಲಿಲ್ಲ. ಫೈನಾನ್ಸಿನವರು? "ಇನ್‌ಸ್ಟಿಟ್ಯೂಟ್ ಕ್ಯಾನ್ಸಲ್ ಮಾಡಿ ದುಡ್ಡು ವಾಪಸ್ ಕಳಿಸಲಿ, ಆಮೇಲೆ ನೋಡೋಣ." ಇನ್‌ಸ್ಟಿಟ್ಯೂಟಿನವರು ಹೇಳಿದ್ದ ಪ್ಲೇಸ್‌ಮೆಂಟ್ ಗ್ಯಾರಂಟಿ? "ಗ್ಯಾರಂಟಿ ಅಂದಿಲ್ಲ ಮೇಡಂ, ಅಸಿಸ್ಟೆನ್ಸ್ ಅಂದಿದ್ವಿ." ಇಷ್ಟು ಸಲೀಸಾಗಿ ಹೇಳ್ತಾರೆ.

ಬಡ್ಡಿ ಇಲ್ಲ ಅನ್ನೋದೂ ಸುಳ್ಳೇ. ಫೈನಾನ್ಸಿನವರು ಸಾಮಾನ್ಯವಾಗಿ ಬಡ್ಡಿ ಮುರ್ಕೊಂಡೇ ಇನ್‌ಸ್ಟಿಟ್ಯೂಟಿಗೆ ದುಡ್ಡು ಕೊಡೋದು. ಒಟ್ಟಿಗೇ ಕಟ್ತೀನಿ, ಎಷ್ಟು ಬಿಡ್ತೀರಿ ಅಂತ ಇನ್‌ಸ್ಟಿಟ್ಯೂಟಿಗೆ ಕೇಳಿ ನೋಡಿ, ಆ ಬಡ್ಡಿ ಫೀಸಲ್ಲೇ ಸೇರಿದ್ರೆ ಗೊತ್ತಾಗತ್ತೆ. 1,50,000 ಫೀಸಿಗೆ 15 ಕಂತಾದ್ರೆ ತಿಂಗಳಿಗೆ 10,000. ಪ್ರೊಸೆಸಿಂಗ್ ಫೀ ಶೇ. 2 ಇದ್ರೆ 3,000, ಅದರ ಮೇಲೆ ಶೇ. 18 ಜಿಎಸ್‌ಟಿ 540.

ಈಗ ಸಂಬಳ ಇಲ್ಲದ ತಿಂಗಳು ನೆನೆಸ್ಕೊಳ್ಳಿ. ಮನೆಖರ್ಚು 30,000 ಅಂತ ಆರು ತಿಂಗಳಿಗೆ 1,80,000 ಎತ್ತಿಟ್ಟಿದ್ರೆ ಸಾಕಾಗಲ್ಲ, ಕಂತು ಸೇರಿ 2,40,000 ಬೇಕು. ಪಿಎಫ್ ಇದೆಯಲ್ಲ ಅನ್ಕೋಬೇಡಿ. ಸರ್ವಿಸ್ 5 ವರ್ಷ ತುಂಬದೆ ತೆಗೆದ್ರೆ ತೆರಿಗೆ ಬೀಳತ್ತೆ. ಕಂಪನಿ ಕೊಟ್ಟ ಹೆಲ್ತ್ ಇನ್ಶೂರೆನ್ಸೂ ಕೆಲಸದ ಜೊತೆಗೇ ಹೋಗತ್ತೆ, ಹೊಸದಕ್ಕೆ ಪ್ರೀಮಿಯಂ ಬೇರೆ. ಕಂತು ಬೌನ್ಸ್ ಆದ್ರೆ ಬ್ಯಾಂಕಿನ ದಂಡ ಒಂದು, ಫೈನಾನ್ಸಿನ ದಂಡ ಇನ್ನೊಂದು, ಸಿಬಿಲ್ ಸ್ಕೋರೂ ಬೀಳತ್ತೆ. ಇ-ನ್ಯಾಚ್ ರದ್ದು ಮಾಡಿಸಿದ್ರೂ ಸಾಲ ಹಾಗೇ ಇರತ್ತೆ, ಇದನ್ನ ಮರೀಬೇಡಿ.

ಸಹಿಗೆ ಮುಂಚೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್, ಅಂದ್ರೆ ಸಾಲದ ಮುಖ್ಯ ವಿವರಗಳ ಹಾಳೆ, ಕೇಳಿ. ಕೊಡಲೇಬೇಕು, ಆರ್‌ಬಿಐ ನಿಯಮ. ಅದರಲ್ಲಿ ಸಾಲ ಕೊಡೋರ ಹೆಸರು, ಎಪಿಆರ್ (ಬಡ್ಡಿ, ಫೀ ಎಲ್ಲ ಸೇರಿ ವರ್ಷಕ್ಕೆ ಬೀಳೋ ಶೇಕಡಾ ಖರ್ಚು), ಕೂಲಿಂಗ್ ಆಫ್ ಅವಧಿ (ಸಾಲ ಬೇಡ ಅನ್ನೋಕೆ ಇರೋ ಸಮಯ) ನೋಡಿ. ಆನ್‌ಲೈನ್ ಸಾಲಕ್ಕೆ ಕನಿಷ್ಠ ಒಂದು ದಿನ ಇರತ್ತೆ, ಅಷ್ಟರೊಳಗೆ ಅಸಲು, ಅಷ್ಟು ದಿನಕ್ಕೆ ಎಪಿಆರ್ ಪ್ರಕಾರ ಬೀಳೋ ಖರ್ಚು ತೀರಿಸಿ ದಂಡ ಇಲ್ಲದೆ ಹೊರಬರಬಹುದು. ದುಡ್ಡು ಇನ್‌ಸ್ಟಿಟ್ಯೂಟ್ ಹತ್ರ ಇರೋದ್ರಿಂದ ಕ್ಯಾನ್ಸಲ್ ಮೇಲ್ ಅವತ್ತೇ ಇಬ್ಬರಿಗೂ ಹೋಗಬೇಕು. ಫೋನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ.

ಸಿಕ್ಕಿಹಾಕ್ಕೊಂಡಿದ್ರೆ ಮೊದಲು ಫೈನಾನ್ಸ್ ಕಂಪನಿಯ ದೂರು ಅಧಿಕಾರಿಗೆ ಮೇಲ್ ಮಾಡಿ. 30 ದಿನದಲ್ಲಿ ಉತ್ತರ ಬರದಿದ್ರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಇತ್ಯರ್ಥ ಮಾಡೋ ಅಧಿಕಾರಿ) ದೂರು ಕೊಡಿ, ಸಹಾಯಕ್ಕೆ 14448. ಇನ್‌ಸ್ಟಿಟ್ಯೂಟ್ ಮೇಲೆ ಗ್ರಾಹಕ ಸಹಾಯವಾಣಿ 1915. ಕೌನ್ಸೆಲರ್ ಕಳಿಸಿದ ವಾಟ್ಸಾಪ್ ಮೆಸೇಜು ಒಂದನ್ನೂ ಅಳಿಸಬೇಡಿ.