ಯಲಹಂಕ ಉಪನಗರವೋ, ಕೆಂಗೇರಿ ಉಪನಗರವೋ: ಎರಡು ಬಾಡಿಗೆ ಮನೆಗಳ ನಂತರ ಕೊಂಡ ಒಂದು ಮನೆ

ಮನೆ ಕೊಳ್ಳುವ ಮುನ್ನ ಆ ಬಡಾವಣೆಯಲ್ಲಿ ಒಂದು ವರ್ಷವಾದರೂ ಬಾಡಿಗೆಗೆ ಇದ್ದು ನೋಡಬೇಕೆಂಬ ಹಟ ನನ್ನದಲ್ಲ, ನನ್ನ ಹೆಂಡತಿಯದು. ಬಂಧುವೊಬ್ಬರು ಭಾನುವಾರದ ಮಧ್ಯಾಹ್ನ ನೋಡಿ ಮೆಚ್ಚಿ ಮುಂಗಡ ಕೊಟ್ಟ ಫ್ಲಾಟಿನ ಮುಂದೆ ಸೋಮವಾರದಿಂದ ಶನಿವಾರದವರೆಗೆ ಲಾರಿಗಳು ಸಾಲುಗಟ್ಟಿ ನಿಲ್ಲುವುದನ್ನು ಅವಳು ಕಂಡಿದ್ದಳು. ಹಾಗಾಗಿ 2022ರ ಜೂನ್‌ನಿಂದ 2023ರ ಮೇ ಕೊನೆಯವರೆಗೆ ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ ಉಪನಗರದಲ್ಲಿಯೂ ಅಲ್ಲಿಂದ ಮುಂದೆ ಒಂದೂವರೆ ವರ್ಷ ನೈಋತ್ಯಕ್ಕಿರುವ ಕೆಂಗೇರಿ ಉಪನಗರದಲ್ಲಿಯೂ ಹನ್ನೊಂದು ತಿಂಗಳ ಕರಾರಿನ ಮನೆಗಳಲ್ಲಿ ಇದ್ದೆವು. ನನ್ನ ಕಚೇರಿ ವಿಧಾನಸೌಧದ ಬಳಿ, ಹೆಂಡತಿಯ ಬ್ಯಾಂಕು ಮಲ್ಲೇಶ್ವರದಲ್ಲಿ. ಮಗ ಆಗ ನಾಲ್ಕನೆಯ ತರಗತಿಯಲ್ಲಿದ್ದ, ಜೊತೆಗೆ ಹಾಸನದಿಂದ ಬಂದು ನಮ್ಮೊಡನೆ ನೆಲೆಸಿದ ಎಪ್ಪತ್ತನಾಲ್ಕರ ಅಪ್ಪ. ಮುಂದಿನ ಮಾತೆಲ್ಲ ಈ ನಾಲ್ವರ ದಿನಚರಿಯ ಅಳತೆಯದೇ ಹೊರತು ಎಲ್ಲರಿಗೂ ಸಲ್ಲುವ ತೀರ್ಪಲ್ಲ.

ವಾಸಕ್ಕೆ ಯಲಹಂಕವೇ ಮೇಲು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಗೃಹ ಮಂಡಳಿಯವರು ಅಳತೆ ಹಾಕಿ ಬಿಟ್ಟ ರಸ್ತೆಗಳು, ಅವುಗಳ ಎರಡೂ ಬದಿಯಲ್ಲಿ ಬೆಳೆದು ನಿಂತ ಮರಗಳು, ನಡೆದು ಹೋಗುವಷ್ಟು ದೂರದಲ್ಲಿ ಉದ್ಯಾನ. ಅಪ್ಪ ಅಲ್ಲಿಗೆ ಹೋದ ಎರಡನೆಯ ವಾರದಲ್ಲಿಯೇ ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಖಾಯಂ ಸದಸ್ಯರಾದರು. ಬೆಳಿಗ್ಗೆ ಆರೂವರೆಗೆ ಐದು ಜನ ಸೇರುತ್ತಿದ್ದರು. ಅವರಲ್ಲಿ ಇಬ್ಬರು ಗಾಲಿ ಮತ್ತು ಅಚ್ಚು ಕಾರ್ಖಾನೆಯಿಂದ ನಿವೃತ್ತರಾದವರು, ಒಬ್ಬರು ವಾಯುಪಡೆಯಲ್ಲಿದ್ದವರು. ಏಳೂಕಾಲಕ್ಕೆ ಪಕ್ಕದ ದರ್ಶಿನಿಯಲ್ಲಿ ಐದು ಜನಕ್ಕೆ ಮೂರು ಕಾಫಿ ತರಿಸಿ ಹಂಚಿಕೊಳ್ಳುವುದು ಆ ಬೆಂಚಿನ ನಿಯಮ. ಹಾಸನ ಬಿಟ್ಟ ಮೇಲೆ ಅಪ್ಪನ ಮುಖದಲ್ಲಿ ಗೆಲುವು ಕಂಡದ್ದು ಅಲ್ಲಿಯೇ.

ವಾಯುನೆಲೆಯ ನೆರೆಹೊರೆಗೆ ಅದರದೇ ಆದ ತೆರಿಗೆಯಿದೆ. 2023ರ ಫೆಬ್ರವರಿ 13ರಿಂದ 17ರವರೆಗೆ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆದಾಗ, ಹದ್ದುಗಳು ಸುಳಿಯದಿರಲೆಂದು ನೆಲೆಯ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯ ಮಾಂಸದಂಗಡಿಗಳನ್ನು ಜನವರಿ 30ರಿಂದ ಫೆಬ್ರವರಿ 20ರವರೆಗೆ ಮುಚ್ಚಿಸಲಾಗಿತ್ತು. ನಮ್ಮ ಮನೆಯಲ್ಲಿ ಮೂರು ಭಾನುವಾರ ಕೋಳಿಸಾರು ಆಗಲಿಲ್ಲ. ಮಗನಿಗೆ ಅದರ ಬೇಸರವಿರಲಿಲ್ಲ. ತಾರಸಿಯ ಮೇಲೆ ನಿಂತರೆ ಬಿಟ್ಟಿ ಪ್ರದರ್ಶನ.

ನಮ್ಮನ್ನು ಅಲ್ಲಿಂದ ಎಬ್ಬಿಸಿದ್ದು ನಗರಕ್ಕೆ ಹೋಗುವ ದಾರಿಯ ಹೆಬ್ಬಾಳದ ವಾಹನ ದಟ್ಟಣೆ. ಮನೆಯ ಬಾಗಿಲಿನಿಂದ ಕಚೇರಿಯ ಕುರ್ಚಿಯವರೆಗೆ ಹಿಡಿದ ಹೊತ್ತನ್ನು ನಾನು ಒಂದು ಸಣ್ಣ ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಬೆಳಗಿನ ಅತಿ ಕಡಿಮೆ ಹೊತ್ತು 55 ನಿಮಿಷ, ಅತಿ ಹೆಚ್ಚು ಒಂದು ಗಂಟೆ ಐವತ್ತು ನಿಮಿಷ. ಸಂಜೆ ಮಳೆ ಬಂದ ದಿನ ಎರಡು ಗಂಟೆಯನ್ನೂ ದಾಟಿದ್ದುಂಟು. ಸರಾಸರಿ ಲೆಕ್ಕ ಹಾಕಿದರೆ ಸಹಿಸಬಹುದು ಅನ್ನಿಸುತ್ತದೆ, ಆದರೆ ಸಂಸಾರವನ್ನು ಹಣ್ಣುಮಾಡುವುದು ಸರಾಸರಿಯಲ್ಲ, ಈ ಏರಿಳಿತ. ಇಂದು ಏಳಕ್ಕೆ ಮನೆ ಸೇರುತ್ತೇನೋ ಎಂಟೂವರೆಗೋ ಎಂಬುದು ತಿಳಿಯದಿದ್ದರೆ ಮಗನ ಲೆಕ್ಕದ ಮನೆಪಾಠಕ್ಕೂ ಅಪ್ಪನ ರಕ್ತಪರೀಕ್ಷೆಯ ವರದಿ ತರುವುದಕ್ಕೂ ಯಾರೂ ಮಾತು ಕೊಡಲಾರರು.

ಮೆಟ್ರೊ ಬರುತ್ತದಲ್ಲ ಎಂದು ಅಲ್ಲಿನ ದಲ್ಲಾಳಿಗಳೆಲ್ಲ ಒಂದೇ ರಾಗ ಹಾಡಿದರು. ವಿಮಾನ ನಿಲ್ದಾಣದ ಮಾರ್ಗಕ್ಕೆ 2021ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆತದ್ದು ನಿಜ, ಕಂಬಗಳು ಏಳುತ್ತಿದ್ದುದೂ ನಿಜ. ಆದರೆ ಆ ಮಾರ್ಗ ಸಾಗುವುದು ಬಳ್ಳಾರಿ ರಸ್ತೆಯ ಮೇಲೆ. ಉಪನಗರದ ಒಳಗಿನ ಮನೆಯಿಂದ ಅಲ್ಲಿಗೆ ಹೋಗಲು ಮತ್ತೆ ಬಸ್ಸನ್ನೋ ಆಟೊವನ್ನೋ ಹಿಡಿಯಬೇಕು. ಓಡದ ರೈಲಿಗೆ ಇಂದಿನ ದರದಲ್ಲಿ ಟಿಕೆಟ್ ಕೊಳ್ಳುವುದು ನನಗೆ ಸರಿಕಾಣಲಿಲ್ಲ. ನಾವು ನೋಡಿದ ಎರಡು ಕೋಣೆಗಳ ಹಳೆಯ ಫ್ಲಾಟುಗಳಿಗೆ ಕೆಂಗೇರಿಯ ಅಂಥವೇ ಫ್ಲಾಟುಗಳಿಗಿಂತ ಹನ್ನೆರಡರಿಂದ ಹದಿನೈದು ಲಕ್ಷ ಹೆಚ್ಚು ಕೇಳುತ್ತಿದ್ದರು. ಅಲ್ಲಿನ ಒಂದು ಕಟ್ಟಡದಲ್ಲಿ ವಾಹನ ನಿಲ್ಲಿಸುವ ನೆಲಮಾಳಿಗೆಯ ಗೋಡೆಯ ಮೇಲೆ, ನನ್ನ ಎದೆಯ ಮಟ್ಟಕ್ಕೆ, ಹೊಸ ಸುಣ್ಣದ ಕೆಳಗಿನಿಂದ ಇಣುಕುವ ಕಂದು ಗೆರೆಯೊಂದಿತ್ತು. 2021ರ ನವೆಂಬರ್‌ನಲ್ಲಿ ಕೆರೆ ಉಕ್ಕಿ ಯಲಹಂಕದ ಕೆಲವು ವಸತಿ ಸಮುಚ್ಚಯಗಳು ಜಲಾವೃತವಾದುದು ಸುದ್ದಿಯಾಗಿತ್ತು. ಗೆರೆಯ ಬಗ್ಗೆ ಕೇಳಿದಾಗ ಮಾಲೀಕರು ಮಾತು ಬದಲಿಸಿದರು, ನಾವು ಮೆಟ್ಟಿಲು ಹತ್ತಿ ಹೊರಬಂದೆವು. 2024ರ ಅಕ್ಟೋಬರ್‌ನಲ್ಲಿ ಯಲಹಂಕದಲ್ಲಿ ಮತ್ತೆ ದೋಣಿ ಇಳಿಸಬೇಕಾಯಿತು.

ಕೆಂಗೇರಿಗೆ ಬಂದದ್ದು ಬೇರೆಯದೇ ಲೆಕ್ಕದ ಮೇಲೆ. ಮೈಸೂರು ರಸ್ತೆಯಿಂದ ಕೆಂಗೇರಿಗೆ ಮೆಟ್ರೊ 2021ರ ಆಗಸ್ಟ್ ಕೊನೆಗೆ ಬಂದಿತ್ತು; 2023ರ ಅಕ್ಟೋಬರ್ 9ರಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಓಟವಾಯಿತು. ನಮ್ಮ ಬಾಡಿಗೆ ಮನೆಯಿಂದ ಕೆಂಗೇರಿ ಬಸ್ ಟರ್ಮಿನಲ್ ನಿಲ್ದಾಣಕ್ಕೆ ಹದಿನಾಲ್ಕು ನಿಮಿಷದ ನಡಿಗೆ, ಅಲ್ಲಿಂದ ವಿಧಾನಸೌಧಕ್ಕೆ ಹೆಚ್ಚುಕಡಿಮೆ ಮೂವತ್ತೈದು ನಿಮಿಷ. ಮಾರ್ಗದ ಮೂರನೆಯ ನಿಲ್ದಾಣವಾದ್ದರಿಂದ ಬೆಳಿಗ್ಗೆ ಸೀಟು ಸಿಗುವುದೂ ಉಂಟು. ಡೈರಿ ಬರೆಯುವುದನ್ನು ಎರಡು ತಿಂಗಳಿಗೇ ಬಿಟ್ಟೆ. ದಿನವೂ ಐವತ್ತೈದು ನಿಮಿಷವೆಂದು ಬರೆಯುವುದರಲ್ಲಿ ಅರ್ಥವಿರಲಿಲ್ಲ. ಹೆಂಡತಿಗೆ ಮಾತ್ರ ಹೊತ್ತಿನಲ್ಲಿ ದೊಡ್ಡ ಲಾಭವಾಗಲಿಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗ ಹಿಡಿದು ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದರೆ ಒಂದು ಗಂಟೆ, ಯಲಹಂಕದಿಂದಲೂ ಅವಳಿಗೆ ಸುಮಾರಾಗಿ ಅಷ್ಟೇ ಆಗುತ್ತಿತ್ತು. ಖರ್ಚೂ ಏರಿತು: ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲದಂತೆ ಮಾಡಿದ ಶಕ್ತಿ ಯೋಜನೆ 2023ರ ಜೂನ್ 11ರಂದು, ಅಂದರೆ ನಾವು ಯಲಹಂಕದ ಬಸ್ಸು ಬಿಟ್ಟ ಹನ್ನೊಂದನೆಯ ದಿನ ಆರಂಭವಾಯಿತು. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದಾಗ ಅವಳು ಅದನ್ನು ಮತ್ತೊಮ್ಮೆ ನೆನಪಿಸಿದಳು.

ಕೆಂಗೇರಿಯ ದೊಡ್ಡ ಕೊರತೆಯನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ನಗರದ ಪಶ್ಚಿಮ ಭಾಗದ ಕೊಳಚೆಯನ್ನು ಹೊತ್ತು ಬೈರಮಂಗಲದ ಕೆರೆಯತ್ತ ಸಾಗುವ ವೃಷಭಾವತಿ ಇಲ್ಲಿ ಮೈಸೂರು ರಸ್ತೆಯ ಮಗ್ಗುಲಲ್ಲೇ ಹರಿಯುತ್ತದೆ. ನಾವು ನೋಡಲು ಹೋದ ಒಂದು ಫ್ಲಾಟು ಎಲ್ಲ ರೀತಿಯಲ್ಲಿ ಹಿಡಿಸಿತ್ತು: ಮೂಲೆಮನೆ, ಗಾಳಿಬೆಳಕು, ಬೆಲೆಯೂ ಕೈಗೆಟುಕುವಂಥದು. ಅಂದು ಗಾಳಿ ಆ ಕಡೆಗಿದ್ದುದರಿಂದ ವಾಸನೆಯೂ ಇರಲಿಲ್ಲ. ಹೆಂಡತಿ ದೇವರ ಕೋಣೆಯೊಳಗೆ ಇಣುಕಿ ನೋಡಿ, ಹೊರಗೆ ಬಂದ ಮೇಲೆ, “ಬೆಳ್ಳಿ ದೀಪ ನೋಡಿದ್ರಾ? ಕಾಡಿಗೆ ಹಚ್ಚಿದ ಹಾಗಿದೆ,” ಎಂದಳು. ಮನೆಯೊಡತಿ ಅಚ್ಚುಕಟ್ಟಿನವರು, ಹಿತ್ತಾಳೆಯೆಲ್ಲ ಹೊಳೆಯುತ್ತಿತ್ತು. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲ ಮೊದಲು ಕಪ್ಪಾಗಿಸುವುದು ಬೆಳ್ಳಿಯನ್ನು. ಅಂದಿನಿಂದ ನದಿಯ ಕಡೆಯ ಮನೆಗಳನ್ನು ಪಟ್ಟಿಯಿಂದ ತೆಗೆದೆವು, ಉಳಿದವನ್ನು ರಾತ್ರಿ ಒಂಬತ್ತರ ನಂತರ, ಮಳೆ ನಿಂತ ಮೇಲೆ ಇನ್ನೊಮ್ಮೆ ಹೋಗಿ ನೋಡತೊಡಗಿದೆವು.

ನೀರಿನ ಪಾಠವೂ ಇಲ್ಲಿಯೇ ಆಯಿತು. 2024ರ ಮಾರ್ಚ್‌ನಲ್ಲಿ ನಮ್ಮ ಬಾಡಿಗೆ ಕಟ್ಟಡದ ಕೊಳವೆಬಾವಿ ಬತ್ತಿತು. ದಿನ ಬಿಟ್ಟು ದಿನ ಬರುತ್ತಿದ್ದ ಕಾವೇರಿ ನೀರು ಹನ್ನೆರಡು ಮನೆಗಳಿಗೆ ಸಾಲದೆ ಟ್ಯಾಂಕರಿಗೆ ಮೊರೆಹೋದೆವು. ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ಆ ತಿಂಗಳು ದರ ಕಟ್ಟಿತಾದರೂ ಆ ದರಕ್ಕೆ ನಮ್ಮ ಬಾಗಿಲಿಗೆ ಟ್ಯಾಂಕರ್ ಬಂದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಆಮೇಲೆ ಯಾವ ಫ್ಲಾಟು ನೋಡಲು ಹೋದರೂ ಸಂಘದ ಕಾರ್ಯದರ್ಶಿಯವರಲ್ಲಿ ನಾನು ಮೊದಲು ಕೇಳುತ್ತಿದ್ದುದು ಆ ವರ್ಷದ ಮಾರ್ಚ್ ಮತ್ತು ಏಪ್ರಿಲ್‌ನ ಟ್ಯಾಂಕರ್ ರಸೀದಿಗಳನ್ನು. ಕಡತ ತೆರೆದು ತೋರಿಸಿದವರ ಕಟ್ಟಡಗಳನ್ನಷ್ಟೇ ಮತ್ತೊಮ್ಮೆ ನೋಡಿದೆವು.

ಬಿಡದಿಯ ಕಡೆ ನಿವೇಶನ ಕೊಂಡು ಮನೆ ಕಟ್ಟಿಸುವ ಆಲೋಚನೆಯೂ ಸ್ವಲ್ಪ ದಿನ ಇತ್ತು. ಎರಡು ಶನಿವಾರ ಹೋಗಿ ಬಂದೆವು. ದಾರಿದೀಪ ಬೆಳಗಲು ಇನ್ನೆಷ್ಟು ವರ್ಷ ಬೇಕೋ ಎಂದು ಅಪ್ಪ ಕೇಳಿದ ಮೇಲೆ ಅದು ಅಲ್ಲಿಗೇ ನಿಂತಿತು.

ಕೊನೆಗೆ ಕೊಂಡದ್ದು ಕೆಂಗೇರಿ ಉಪನಗರದ ಒಳಭಾಗದಲ್ಲಿ, ನದಿಗೆ ದೂರವಾಗಿ, ಹದಿನೆಂಟು ವರ್ಷ ಹಳೆಯದಾದ ಎರಡು ಕೋಣೆಗಳ ಫ್ಲಾಟು, 68 ಲಕ್ಷಕ್ಕೆ. ಸುತ್ತಲಿನ ರೆವಿನ್ಯೂ ಬಡಾವಣೆಗಳಲ್ಲಿ ಇದೇ ಹಣಕ್ಕೆ ಹೊಸ ಮನೆ ಸಿಗುತ್ತಿತ್ತು, ಆದರೆ ನೋಡಿದವುಗಳಲ್ಲಿ ಹಲವಕ್ಕೆ ಇದ್ದದ್ದು ಬಿ ಖಾತೆ, ಅಂದರೆ ಸರಿಯಾದ ಅನುಮೋದನೆಯಿಲ್ಲದ ಆಸ್ತಿಯ ದಾಖಲೆ. ನಮಗೆ ಸಾಲ ಕೊಡುವ ಬ್ಯಾಂಕು ಅದನ್ನು ಒಪ್ಪಲಿಲ್ಲ, ಬ್ಯಾಂಕಿನವಳೇ ಆದ ನನ್ನ ಹೆಂಡತಿಯಂತೂ ಮೊದಲೇ ಒಪ್ಪಿರಲಿಲ್ಲ. ಹಳೆಯ ಫ್ಲಾಟಿನಲ್ಲಿ ಗೋಡೆಗಿಂತ ನೆಲಕ್ಕೆ ಬೆಲೆ ಹೆಚ್ಚು, ಆದ್ದರಿಂದ ಕ್ರಯಪತ್ರದಲ್ಲಿ ನಮ್ಮ ಪಾಲಿಗೆ ಬರುವ ಅವಿಭಜಿತ ಭೂಮಿಯ ಚದರಡಿ ಎಷ್ಟೆಂಬುದನ್ನು ವಕೀಲರು ಎರಡು ಸಲ ಓದಿಸಿದರು. ನೋಂದಣಿಗೆ ಇ-ಖಾತೆ, ಅಂದರೆ ಆಸ್ತಿಯ ಡಿಜಿಟಲ್ ಖಾತೆ, ಕಡ್ಡಾಯವಾದ ಹೊಸತರಲ್ಲಿಯೇ, 2024ರ ಕೊನೆಗೆ, ನಮ್ಮ ಸರದಿ ಬಂತು. ಮಾರುವವರ ಹೆಸರಿನ ಇನಿಷಿಯಲ್ ಹಳೆಯ ಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಆಗಿದ್ದುದನ್ನು ಸರಿಪಡಿಸಲು ಐದು ವಾರ ಹಿಡಿಯಿತು. ಮುದ್ರಾಂಕ ಶುಲ್ಕ ಶೇಕಡ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, ನೋಂದಣಿ ಶುಲ್ಕ ಶೇಕಡ 1, ಎಲ್ಲ ಸೇರಿ ಶೇಕಡ 6.6ರಂತೆ ಸುಮಾರು ನಾಲ್ಕೂವರೆ ಲಕ್ಷ ಬೇರೆಯಾಗಿ ತೆತ್ತೆವು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡ 2 ಆಗಿರುವುದರಿಂದ ಈಗ ಕೊಳ್ಳುವವರು ಇದೇ ಬೆಲೆಯ ಮನೆಗೆ ಇನ್ನೂ 68,000 ರೂಪಾಯಿ ಹೆಚ್ಚಿಗೆ ಎತ್ತಿಡಬೇಕು.

ಈ ಆಯ್ಕೆಯಲ್ಲಿ ನನಗೆ ದಿನಕ್ಕೆ ಒಂದು ಗಂಟೆ ಸಿಕ್ಕಿತು, ಅಪ್ಪನಿಗೆ ಬೆಂಚು ತಪ್ಪಿತು. ಇಲ್ಲಿಯೂ ಉದ್ಯಾನವಿದೆ, ಬೆಂಚೂ ಇದೆ, ಆದರೆ ಅವರು ಅದರಲ್ಲಿ ಹತ್ತು ನಿಮಿಷ ಕೂತು ಎದ್ದುಬರುತ್ತಾರೆ. ತಿಂಗಳ ಮೊದಲ ಗುರುವಾರ ಮಾತ್ರ ಕೆಂಗೇರಿಯಿಂದ ಯಲಹಂಕಕ್ಕೆ ನೇರವಾಗಿ ಹೋಗುವ 401ಕೆ ಬಸ್ಸನ್ನು ಮುಂಜಾನೆಯೇ ಹತ್ತುತ್ತಾರೆ. ಅವರು ಹೋಗುವ ದಿನ ಅಲ್ಲಿ ಎರಡನೆಯ ಸುತ್ತಿನ ಕಾಫಿಯೂ ಆಗುತ್ತದೆಯಂತೆ, ಮಧ್ಯಾಹ್ನದ ಊಟ ಹೊತ್ತಿಗೆ ಸರಿಯಾಗಿ ಬೇಡವೆಂದು ಹೊರಡುವಾಗಲೇ ಹೇಳಿಹೋಗುತ್ತಾರೆ.