ಹೆಸರು ಅಚ್ಚಾಗುವ ಮೊದಲೇ ಎಚ್ಚರಿಸುವ ಜೆರ್ಸಿ ಅಂಗಡಿ

ಕಮರ್ಷಿಯಲ್ ಸ್ಟ್ರೀಟ್ ಬಳಿಯ ಈ ಪುಟ್ಟ ಜೆರ್ಸಿ ಅಂಗಡಿಯ ದೊಡ್ಡ ಗುಣವೆಂದರೆ, ಬೆನ್ನಿನ ಮೇಲೆ ಹೆಸರು ಅಚ್ಚು ಹಾಕುವ ಮುನ್ನ ಆ ಆಟಗಾರ ಕ್ಲಬ್‌ಗೆ ಖಾಯಂ ಆಗಿ ಬಂದವನೋ, ಲೋನ್ ಮೇಲೆ, ಅಂದರೆ ಬೇರೆ ಕ್ಲಬ್‌ನಿಂದ ಕೆಲ ಕಾಲಕ್ಕೆ ಎರವಲಾಗಿ, ಬಂದವನೋ ಎಂಬುದನ್ನು ಮಾಲೀಕರು ಗಿರಾಕಿಗೆ ತಿಳಿಸುವುದು. ಇಂದಿನ ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ಇದು ನಿಜಕ್ಕೂ ದೊಡ್ಡ ಉಪಕಾರ. 2022ರ ಬೇಸಿಗೆಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ 20ಕ್ಕೂ ಹೆಚ್ಚು ಹೊಸಬರನ್ನು ಕರೆತಂದು ತಂಡವನ್ನೇ ಬದಲಿಸಿತು. ಜೇಡನ್ ಸ್ಯಾಂಚೊ ಮ್ಯಾಂಚೆಸ್ಟರ್ ಯುನೈಟೆಡ್‌ನ ಒಪ್ಪಂದದಲ್ಲಿದ್ದುಕೊಂಡೇ 2024ರ ಜನವರಿಯಿಂದೀಚೆಗೆ ಡಾರ್ಟ್‌ಮಂಡ್, ಚೆಲ್ಸಿ, ಆಸ್ಟನ್ ವಿಲ್ಲಾ ತಂಡಗಳಿಗೆ ಲೋನ್ ಮೇಲೆ ಹೋದರು. ಹಿಂದೆ ಎಳೆಯ ಆಟಗಾರರಿಗೆ ಅನುಭವ ಕೊಡಿಸಲೆಂದೇ ಹೆಚ್ಚಾಗಿ ಬಳಕೆಯಾಗುತ್ತಿದ್ದ ಈ ಪದ್ಧತಿ, ಸಂಬಳದ ಹೊರೆ ಹಂಚಿಕೊಳ್ಳುವ, ಖರೀದಿಯನ್ನು ಮುಂದೂಡುವ ಉಪಾಯವಾಗಿಯೂ ಬೆಳೆದಿದೆ. ಅಂತರರಾಷ್ಟ್ರೀಯ ಲೋನ್‌ಗಳಿಗೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ 2022ರಲ್ಲಿ ಕ್ಲಬ್ಬೊಂದಕ್ಕೆ 8 ಆಟಗಾರರ ಮಿತಿ ಹಾಕಿ, 2024ಕ್ಕೆ ಅದನ್ನು 6ಕ್ಕೆ ಇಳಿಸಿದ್ದು ನನ್ನ ಮಟ್ಟಿಗೆ ಸರಿಯಾದ ಕ್ರಮ.

ಅಚ್ಚಿನ ಕೆಲಸವೂ ಅಚ್ಚುಕಟ್ಟು: ಬಿಸಿ ಪ್ರೆಸ್‌ನಿಂದ ತೆಗೆದ ಬಟ್ಟೆ ಆರುವವರೆಗೂ ಕಾದು, ಪ್ರತಿ ಅಕ್ಷರದ ಅಂಚನ್ನು ಉಗುರಿನಿಂದ ಒತ್ತಿ ನೋಡಿದ ಮೇಲಷ್ಟೇ ಮಡಚಿ ಕೊಡುತ್ತಾರೆ. ಮಕ್ಕಳ ಅಳತೆಯ ಜೆರ್ಸಿಗಳು ಮಾತ್ರ ತೀರಾ ಕಡಿಮೆ. ಆ ಕೊರತೆಯನ್ನು ಅವರು ಬೇಗ ತುಂಬಬೇಕು.